ಫಲಕದ ಮೇಲಣ ಪ್ರಕಟಣೆ

ನಮ್ಮ ನಾಡಿನ ಗೃಹಸ್ಥರು ಮಕ್ಕಳ ಪರೀಕ್ಷೆಯ ದಿನವನ್ನು ಮರೆಯತಕ್ಕವರಲ್ಲ. ಆ ದಿನ ಬೆಳಗಿನ ಜಾವಕ್ಕೇ ಮನೆಯಲ್ಲಿ ದೀಪ ಹತ್ತುವುದು. ದೇವರಿಗೆ ತುಪ್ಪದ ಸೊಡರಿಡುವುದು. ಹೊರಡುವ ಮಗುವಿಗೆ ಹಿರಿಯರೆಲ್ಲ ಎದುರು ಬಂದು ಹರಸುವುದು. ಆದರೆ ವಿದ್ಯಾರ್ಥಿಯ ವರ್ಷದಲ್ಲಿ ಪರೀಕ್ಷೆಯಲ್ಲದ ದಿನಗಳೂ ಹಲವುಂಟು. ಶಿಬಿರ, ಸಮ್ಮೇಳನ, ಕಮ್ಮಟ, ಅರ್ಜಿಯ ಕಡೆಯ ದಿನ ಇವುಗಳು ಬಂದು ಹೋದದ್ದೇ ಅನೇಕ ಮನೆಗಳಿಗೆ ತಿಳಿಯುವುದಿಲ್ಲ. ತಿಳಿದರೂ, ಇದು ಪಾಠವಲ್ಲವಷ್ಟೆ ಎಂದು ಬದಿಗೊತ್ತುವ ರೂಢಿ ಬೆಳೆದುಬಂದಿದೆ.

ಹಳ್ಳಿಯೊಂದರಿಂದ ವಾಚಕ ಮಹಾಶಯರೊಬ್ಬರು ನಮಗೆ ಬರೆದಿದ್ದಾರೆ. ಅವರ ಮಗಳು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಎಮ್. ಎ. ತರಗತಿಗೆ ಸೇರಿದ್ದಾಳೆ. ಓಲೆಗರಿಯ ಗ್ರಂಥಗಳನ್ನು ಹುಡುಕುವುದಕ್ಕಾಗಿ ಒಂದು ವಾರ ಹಳ್ಳಿಗಳ ಮೇಲೆ ಹೋಗಬೇಕೆನ್ನುತ್ತಾಳೆ. ಆಮೇಲೆ ಮೈಸೂರಿನಲ್ಲಿ ಕಮ್ಮಟವೆನ್ನುತ್ತಾಳೆ. ಮುಂದಿನ ವರ್ಷ ಯಾವುದೋ ರಾಷ್ಟ್ರಮಟ್ಟದ ಪರೀಕ್ಷೆಗೆ ಕೂರಬೇಕೆನ್ನುತ್ತಾಳೆ. ಮನೆಯಲ್ಲಾದರೋ ವರಾನ್ವೇಷಣೆ ನಡೆದಿದೆ. ತರಗತಿಗಳಿಲ್ಲದ ದಿನಗಳಲ್ಲಿ ಹುಡುಗಿಯನ್ನು ಮನೆಗೆ ಕರೆಸಿಕೊಂಡರೆ ನಷ್ಟವೇನು ಎಂಬುದು ಅವರ ಪ್ರಶ್ನೆ. ನಷ್ಟವುಂಟು, ಕರೆಸಿಕೊಳ್ಳಬೇಡಿರಿ ಎಂಬುದು ನಮ್ಮ ಉತ್ತರ. ಒಂದು ಮಾತಿನ ಉತ್ತರದಿಂದ ತಂದೆಯ ಮನಸ್ಸು ಸಮಾಧಾನಗೊಳ್ಳದಾದ ಕಾರಣ, ಈ ತಿಂಗಳ ಪುಟಗಳನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಮೊದಲು ಈ ವಿಶ್ವವಿದ್ಯಾಲಯದ ಸ್ವರೂಪವನ್ನು ಅರಿತುಕೊಳ್ಳುವುದು ಒಳ್ಳೆಯದು. 1991ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಕವಿಗಳಾದ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳು. ಹೊಸಪೇಟೆಯಿಂದ ಹಂಪಿಗೆ ಹೋಗುವವರಿಗೆ ಪರಿಚಿತವಾದ ಕಮಲಾಪುರದ ಬಳಿ ಇದರ ನೆಲೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಈಗ ಆ ಪ್ರದೇಶವಿದೆ. ಮೈಸೂರು, ಧಾರವಾಡಗಳ ವಿಶ್ವವಿದ್ಯಾಲಯಗಳಂತೆ ಹತ್ತಾರು ಕಾಲೇಜುಗಳನ್ನು ಆಳುವ ಹೊರೆ ಇದಕ್ಕಿಲ್ಲ. ಶಾಸನ, ಹಸ್ತಪ್ರತಿ, ಜಾನಪದ, ಬುಡಕಟ್ಟುಗಳ ಬಾಳ್ವೆ, ಪ್ರಾಚೀನ ಚರಿತ್ರೆ, ಸ್ತ್ರೀಯರ ಸ್ಥಿತಿಗತಿ ಮುಂತಾದ ವಿಷಯಗಳನ್ನು ಕನ್ನಡದಲ್ಲಿಯೇ ಸಂಶೋಧಿಸಬೇಕೆಂಬುದೇ ಇದರ ಉದ್ದೇಶ. ಆದಕಾರಣ ವಿದ್ಯಾರ್ಥಿಗಳ ಸಂಖ್ಯೆ ಸ್ವಲ್ಪ. ಗುರುಗಳು ಶಿಷ್ಯರ ಹೆಸರನ್ನು ಬಲ್ಲರು.

ಸಣ್ಣದಾಗಿರುವುದರಲ್ಲಿ ಒಂದು ಗುಣವೂ ಒಂದು ದೋಷವೂ ಇವೆ. ಪೈಪೋಟಿ ಕಡಿಮೆ, ಶಿಬಿರಕ್ಕೆ ಇಪ್ಪತ್ತು ಮಂದಿ ಬೇಕಾದರೆ ಬಂದವರಿಗೆಲ್ಲ ಸ್ಥಳವುಂಟು ಎಂಬುದು ಗುಣ. ದೋಷವೆಂದರೆ ಸಮಾಚಾರ ತಾನಾಗಿ ಕಿವಿಗೆ ಬೀಳುವುದಿಲ್ಲ. ಬೆಂಗಳೂರಿನ ಹುಡುಗನಿಗೆ ನೆರೆಮನೆಯವರು ಹೇಳುವರು, ಚಿಕ್ಕಪ್ಪನ ಮಗ ಹೇಳುವನು, ಚಹದಂಗಡಿಯಲ್ಲಿ ಕುಳಿತವರು ಹೇಳುವರು. ಕಮಲಾಪುರದ ಬಂಡೆಗಳ ನಡುವೆ ಓದುವವಳಿಗೆ ವಿಭಾಗದ ಫಲಕದ ಮೇಲೆ ಅಂಟಿಸಿದ ಒಂದು ಹಾಳೆ, ಅಥವಾ ದೂರವಾಣಿಗೆ ಬಂದ ಒಂದು ಸಂದೇಶ, ಇಷ್ಟೇ ಆಧಾರ. ಆ ಹಾಳೆ ಕಾಣುವ ದಿನ ಅವಳು ಊರಿನಲ್ಲಿ ಸೋದರತ್ತೆಯ ಮಗಳ ಸೀಮಂತಕ್ಕೆ ಹೋಗಿದ್ದರೆ ಆ ವರ್ಷ ಕಳೆದಂತೆಯೇ.

ಸಂಸ್ಕೃತ ಪಾಠ ಹೇಳಿದ ಅಭ್ಯಾಸಬಲದಿಂದ ಇಲ್ಲಿ ಒಂದು ಮಾತು. ವಿದ್ಯಾರ್ಥಿ ಎಂದರೆ ವಿದ್ಯೆಯನ್ನು ಬೇಡುವವನು. ಅರ್ಥಿ ಶಬ್ದ ಸಂಸ್ಕೃತ. ಅರ್ಜಿ ಎಂಬುದಾದರೋ ಅರಬ್ಬಿಯಿಂದ ಪಾರಸಿಯ ಮೂಲಕ ಕಚೇರಿಯ ಬಾಗಿಲಿನಿಂದ ನಮ್ಮ ಭಾಷೆಗೆ ಬಂದದ್ದು. ಈ ಎರಡು ಶಬ್ದಗಳಿಗೆ ರಕ್ತಸಂಬಂಧ ಸ್ವಲ್ಪವೂ ಇಲ್ಲ. ಆದರೆ ಈ ಕಾಲದಲ್ಲಿ ಅರ್ಜಿ ಬರೆಯಲರಿಯದ ಅರ್ಥಿಗೆ ದಕ್ಕುವುದೇನೂ ಇಲ್ಲ.

ಓಲೆಗರಿಯ ವಿಷಯಕ್ಕೆ ಬರೋಣ. ಹಸ್ತಪ್ರತಿಗಳನ್ನು ಸಂಗ್ರಹಿಸಿ ಓದಿ ಪಟ್ಟಿಮಾಡುವ ಕೆಲಸಕ್ಕೆ ಈ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಭಾಗವುಂಟು. ಅದು ನಾಡಿನ ಬೇರೆ ಬೇರೆ ಊರುಗಳಲ್ಲಿ ಹಸ್ತಪ್ರತಿ ಸಮ್ಮೇಳನಗಳನ್ನು ಸೇರಿಸುತ್ತ ಬಂದಿದೆ. ಈ ಕೆಲಸವನ್ನು ಕೊಠಡಿಯಲ್ಲಿ ಕುಳಿತು ಕಲಿಯಲಾಗದು. ಓಲೆಯ ಮೇಲೆ ಪದಪದಗಳ ನಡುವೆ ಎಡೆಯಿರುವುದಿಲ್ಲ. ಕಂಠದಿಂದ ಕೊರೆದ ಅಕ್ಷರಗಳು ಮಸಿ ತೊಡೆಯದ ಹೊರತು ಕಾಣಿಸವು. ಒಣಗಿದ ಗರಿಯನ್ನು ಅವಸರದಿಂದ ಬಿಡಿಸಿದರೆ ಚಕ್ಕೆಯಾಗಿ ಒಡೆಯುವುದು, ಅದಕ್ಕೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿ ಮೆತ್ತಗೆ ಮಾಡಬೇಕು. ಬರೆದವನು ತನ್ನ ಊರು, ಸಂವತ್ಸರ, ತಿಥಿಗಳನ್ನು ಕಡೆಯ ಗರಿಯಲ್ಲಿ ಹೇಳಿರುವುದುಂಟು. ಆ ಗರಿಯೇ ಹಲವು ವೇಳೆ ಮುರಿದು ಹೋಗಿರುತ್ತದೆ. ಗುರುವಿನ ಪಕ್ಕದಲ್ಲಿ ಕುಳಿತು ಒಂದು ಕಟ್ಟನ್ನು ಮೊದಲಿನಿಂದ ಕಡೆಯವರೆಗೆ ಓದಿದವನಿಗೆ ಮಾತ್ರ ಈ ವಿದ್ಯೆ ಕೈವಶವಾಗುವುದು. ಹಳ್ಳಿಯ ಮನೆಗೆ ಹೋಗಿ, ಹಿರಿಯರೊಡನೆ ಮಾತನಾಡಿ, ಅವರ ಶಂಕೆಯನ್ನು ಕಳೆದು, ಅಟ್ಟದ ಮೇಲಣ ಗಂಟನ್ನು ಕೆಳಗಿಳಿಸುವಂತೆ ಒಪ್ಪಿಸುವುದು ಇನ್ನೂ ದೊಡ್ಡ ವಿದ್ಯೆ. ಅದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡದು.

ಇಂಥ ಒಂದು ಗಂಟಿನಿಂದ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನ ಸರಕಾರೀ ಪ್ರಾಚ್ಯ ಪುಸ್ತಕಾಲಯವು 1891ರಲ್ಲಿ ಹುಟ್ಟಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಗ್ರಂಥಲಿಪಿಯ ಓಲೆಕಟ್ಟೊಂದನ್ನು ತಂದೊಪ್ಪಿಸಿದರು. ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗುರುತಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಅವರ ಇಂಗ್ಲಿಷ್ ಭಾಷಾಂತರ ಹೊರಬಂದಿತು. ತಂದುಕೊಟ್ಟ ಪಂಡಿತರ ಹೆಸರನ್ನು ಬಲ್ಲವರು ಕಡಮೆ. ಆದರೆ ಅವರ ಮನೆಯವರು ಆ ಕಟ್ಟನ್ನು, ನಮ್ಮಲ್ಲಿ ಎಷ್ಟೋ ಮನೆಗಳವರು ಮಾಡಿರುವಂತೆ, ಹಳೆಯ ಕಸವೆಂದು ಹೊಳೆಗೆ ಬಿಟ್ಟಿದ್ದರೆ ಶಾಸ್ತ್ರಿಗಳ ಪಾಂಡಿತ್ಯ ಯಾವ ಪ್ರಯೋಜನಕ್ಕೆ ಬರುತ್ತಿತ್ತು?

ಈಗ ಈ ಕೆಲಸಕ್ಕೆ ಕಾಲವೂ ಅನುಕೂಲವಾಗಿದೆ. ಕೇಂದ್ರ ಸರಕಾರವು 2003ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತ್ತು. 2025ರ ಆಯವ್ಯಯದಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಿಂದ, ಒಂದು ಕೋಟಿಗೂ ಮೇಲ್ಪಟ್ಟ ಹಸ್ತಪ್ರತಿಗಳನ್ನು ಗುರುತಿಸಿ ಪಟ್ಟಿಮಾಡಿ ರಕ್ಷಿಸುವ ಸಂಕಲ್ಪವನ್ನು ಸಾರಿತು. ಕೋಟಿ ಹಸ್ತಪ್ರತಿಗಳ ಛಾಯಾಚಿತ್ರವನ್ನು ಯಂತ್ರ ತೆಗೆಯಬಹುದು. ಆದರೆ ಹಳಗನ್ನಡ ಲಿಪಿಯನ್ನೂ ನಂದಿನಾಗರಿಯನ್ನೂ ತಿಗಳಾರಿಯನ್ನೂ ಓದಿ, ಇದು ಇಂಥ ಗ್ರಂಥವೆಂದು ಹೇಳಬಲ್ಲ ತರುಣರು ಎಷ್ಟು ಮಂದಿ ಇದ್ದಾರೆ? ಬೆರಳೆಣಿಕೆಯ ಜನರಿರುವ ವಿದ್ಯೆಯನ್ನು ಕಲಿಯುವುದಕ್ಕೆ ಮಗಳಿಗೆ ಅವಕಾಶ ದೊರೆತಿರುವಾಗ, ಒಂದು ವಾರ ಅವಳು ಗುರುಗಳೊಡನೆಯೂ ಸಹಪಾಠಿನಿಯರೊಡನೆಯೂ ಹಳ್ಳಿಗಳ ಮೇಲೆ ಹೋಗಿಬರುವುದು ಕಾಲಹರಣವಲ್ಲ. ಎಲ್ಲಿ ಉಳಿಯುತ್ತಾರೆ, ಜೊತೆಗೆ ಯಾರು ಬರುತ್ತಾರೆ ಎಂದು ವಿಭಾಗಕ್ಕೆ ಕೇಳಿ ತಿಳಿಯುವುದು ತಂದೆಯ ಹಕ್ಕು, ಕೇಳಲೇಬೇಕು. ಕೇಳದೆಯೇ ಬೇಡವೆನ್ನುವುದು ಬೇರೆ.

ಇನ್ನು ವರ್ಷದ ದೊಡ್ಡ ಸಮಾರಂಭವಾದ ನುಡಿಹಬ್ಬ. ಇತರ ವಿಶ್ವವಿದ್ಯಾಲಯಗಳು ಘಟಿಕೋತ್ಸವವೆಂದು ಕರೆಯುವುದನ್ನು ಹಂಪಿಯವರು ಈ ಹೆಸರಿನಿಂದ ಕರೆಯುತ್ತಾರೆ. ಡಾಕ್ಟರೇಟ್ ಪದವಿಗಳ ಜೊತೆಗೆ ನಾಡಿನ ಹಿರಿಯರಿಗೆ ನಾಡೋಜ ಎಂಬ ಗೌರವವೂ ಅಲ್ಲಿಯೇ ಸಲ್ಲುವುದು. ನಾಡೋಜ ಎಂದರೆ ನಾಡಿನ ಓಜ. ಓಜನೆಂದರೆ ಯಾರು? ಸಂಸ್ಕೃತದ ಉಪಾಧ್ಯಾಯನೇ ಪ್ರಾಕೃತದಲ್ಲಿ ಉವಜ್ಝಾಯನಾಗಿ, ಕನ್ನಡಕ್ಕೆ ಬರುವಷ್ಟರಲ್ಲಿ ಸವೆದು ಓಜನಾದನು. ಎಂದಮೇಲೆ ಈ ವಿಶ್ವವಿದ್ಯಾಲಯವು ಕೊಡತಕ್ಕ ಅತ್ಯುಚ್ಚ ಬಿರುದಿನ ಅರ್ಥ ಊರ ಶಾಲೆಯ ಮೇಷ್ಟರೆಂದೇ ಆಯಿತು! ಹಳೆಯ ಉಪಾಧ್ಯಾಯರಾದ ನಮಗೆ ಇದರಿಂದ ಸ್ವಲ್ಪ ಹೆಮ್ಮೆಯಾದರೆ ವಾಚಕರು ಕ್ಷಮಿಸಬೇಕು. ನುಡಿಹಬ್ಬಕ್ಕೆ ಇಂಥದೇ ತಾರೀಖೆಂಬ ನಿಯಮವಿಲ್ಲ; ಪ್ರಕಟಣೆಯನ್ನು ನೋಡಿಕೊಳ್ಳಬೇಕು. ತಂದೆತಾಯಿಗಳು ಒಂದು ಸಲ ಹೋಗಿ ನೋಡಿಬರಲಿ ಎಂಬುದು ನಮ್ಮ ಸಲಹೆ. ಮಗಳು ಎಲ್ಲಿರುವಳು, ಯಾರ ನಡುವೆ ಇರುವಳು ಎಂಬುದನ್ನು ಕಣ್ಣಾರೆ ಕಂಡಮೇಲೆ ಮನೆಯ ಅರ್ಧ ಚಿಂತೆ ಇಳಿಯುವುದು.

ಉಳಿದ ದಿನಗಳನ್ನು ಬೇಗನೆ ಹೇಳಿ ಮುಗಿಸುವೆವು. ನವೆಂಬರ್ 1ರ ರಾಜ್ಯೋತ್ಸವ ಎಲ್ಲರಿಗೂ ಗೊತ್ತು. ಹಂಪಿ ಉತ್ಸವ ಹಿಂದೆ ನವೆಂಬರಿನ ಮೊದಲ ವಾರದಲ್ಲಿ ನಡೆಯುತ್ತಿದ್ದುದು ಇತ್ತೀಚೆಗೆ ಮುಂದಕ್ಕೆ ಸರಿದಿದೆ. 2023ರಲ್ಲಿ ಜನವರಿ ಕಡೆಗೆ, 2024ರಲ್ಲಿ ಫೆಬ್ರವರಿಯಲ್ಲಿ ನಡೆಯಿತು. ರಾತ್ರಿಯ ಗದ್ದಲಕ್ಕೆ ಮಕ್ಕಳನ್ನು ಕಳುಹಿಸಲೇಬೇಕೆಂದು ನಾವು ಹೇಳುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಮಾತು ಬೇರೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಇದು ಮೊದಲಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನ ಹಳ್ಳಿಯೊಂದರಲ್ಲಿ ಶಿಬಿರವಾಸ. ಇಷ್ಟು ಮುಗಿಸಿದವರಿಗೆ ದೊರೆಯುವ ಪ್ರಮಾಣಪತ್ರವನ್ನು ಮುಂದಿನ ಪ್ರವೇಶಗಳಲ್ಲಿ ಗಣಿಸುವುದುಂಟು. ಸಂಗೀತ, ನಾಟಕ, ಚಿತ್ರ, ವಾಗ್ವೈಖರಿ ಇರುವ ಮಕ್ಕಳಿಗೆ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳಿವೆ. ಮೊದಲು ವಲಯದಲ್ಲಿ ಗೆದ್ದವರು ಆಮೇಲೆ ದೇಶದ ಮಟ್ಟಕ್ಕೆ ಹೋಗುವರು. ಸಣ್ಣ ಸಂಸ್ಥೆಯಿಂದ ತಂಡ ಕಳುಹಿಸುವಾಗ ಹಾಡಬಲ್ಲವರನ್ನು ಹುಡುಕಿಕೊಂಡು ಬರುವರೆಂಬುದನ್ನು ನೆನಪಿಡತಕ್ಕದ್ದು.

ಈಗ ಗಂಭೀರವಾದ ವಿಷಯ. ಆ ಹುಡುಗಿ ಬರೆಯಬೇಕೆಂದಿರುವ ಪರೀಕ್ಷೆಯನ್ನು ನೆಟ್ ಎನ್ನುವರು. ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರಿನ ಹೆಸರಿನಲ್ಲಿ ನಡೆಯುತ್ತದೆ. ಇದರಲ್ಲಿ ಮೇಲಿನ ಅಂಕ ಪಡೆದು ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ದೊರೆಯುವುದು. ಒಟ್ಟು ಐದು ವರ್ಷ. ಕನ್ನಡದಲ್ಲಿ ಎಮ್. ಎ. ಮಾಡಿದರೆ ಏನು ಸಿಕ್ಕೀತು ಎಂದು ಕೇಳುವ ನೆಂಟರಿಗೆ ಈ ಅಂಕಿಗಳನ್ನು ಹೇಳಬಹುದು. ಎಂ. ಎ.ಯ ಕಡೆಯ ವರ್ಷದಲ್ಲಿರುವಾಗಲೇ ಪರೀಕ್ಷೆಗೆ ಕೂರಬಹುದೆಂಬುದೂ ಅನೇಕರಿಗೆ ತಿಳಿಯದು.

ಆದರೆ ಈ ವೇತನಕ್ಕೆ ವಯಸ್ಸಿನ ಗಡಿಯುಂಟು, ಮೂವತ್ತು. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಹಿಂದುಳಿದ ವರ್ಗಗಳಲ್ಲಿ ಕೆನೆಪದರಕ್ಕೆ ಸೇರದವರಿಗೂ, ಅಂಗವಿಕಲರಿಗೂ ಐದು ವರ್ಷಗಳ ರಿಯಾಯಿತಿಯಿದೆ. ಮೂವತ್ತೈದು ಎಂದೊಡನೆ ಬಹಳ ದೂರವೆಂದು ತೋರುವುದು. ಇಪ್ಪತ್ತಮೂರರಲ್ಲಿ ಮದುವೆ, ಆಮೇಲೆ ಮಕ್ಕಳು, ಅತ್ತೆಯ ಅಸ್ವಾಸ್ಥ್ಯ, ಯಜಮಾನರ ವರ್ಗಾವಣೆ, ಕಿರಿಯ ಮಗುವಿನ ಶಾಲೆ. ಪೆಟ್ಟಿಗೆಯ ತಳದಿಂದ ಅಂಕಪಟ್ಟಿಯನ್ನು ಹೊರತೆಗೆಯುವ ಹೊತ್ತಿಗೆ ಮೂವತ್ತಾರು. ಎಷ್ಟು ಜನ ಚುರುಕಾದ ಶಿಷ್ಯೆಯರನ್ನು ನಾವು ಹೀಗೆ ಕಂಡಿಲ್ಲ! ವಿವಾಹವನ್ನು ನಿಲ್ಲಿಸಿರೆಂದು ಯಾರ ಮನೆಗೂ ಹೇಳುವ ಅಧಿಕಾರ ನಮಗಿಲ್ಲ. ಮದುವೆಯ ಮಾತುಕತೆಯಲ್ಲಿ ಒಡವೆ, ಛತ್ರ, ಊಟಗಳ ವಿಷಯ ಇತ್ಯರ್ಥವಾಗುವಂತೆ ಈ ಪರೀಕ್ಷೆಯ ವಿಷಯವೂ ಬೀಗರೆದುರಿಗೆ ಇತ್ಯರ್ಥವಾಗಲಿ ಎನ್ನುವೆವು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳೂ ಇದಕ್ಕೆ ಇಂಬು ಕೊಡುತ್ತವೆ. ಪಿಎಚ್. ಡಿ.ಗೆ ಸಾಮಾನ್ಯವಾಗಿ ಆರು ವರ್ಷಗಳ ಮಿತಿ. ಮರುನೋಂದಣಿಯಿಂದ ಎಂಟಕ್ಕೂ, ಸ್ತ್ರೀಯರಿಗಾದರೆ ಹತ್ತಕ್ಕೂ ವಿಸ್ತರಿಸಬಹುದು. ಹೆರಿಗೆಗೂ ಶಿಶುಪಾಲನೆಗೂ ಒಟ್ಟು 240 ದಿನಗಳವರೆಗೆ ರಜೆ ಕೊಡಬಹುದೆಂದು ಅದರಲ್ಲಿ ಬರೆದಿದೆ. ಬೀಗರು ಓದುಬಲ್ಲವರಾದರೆ ಆ ಪುಟವನ್ನೇ ಮುಂದಿಡಬಹುದು. ಒಡಹುಟ್ಟಿದವರಿಲ್ಲದ ಒಬ್ಬಳೇ ಮಗಳಿಗಾಗಿ ಸಾವಿತ್ರಿಬಾಯಿ ಫುಲೆಯವರ ಹೆಸರಿನಲ್ಲಿ ಬೇರೆಯೇ ಸಂಶೋಧನಾ ವೇತನವೊಂದನ್ನು ಆಯೋಗವು ಏರ್ಪಡಿಸಿದೆ. ಅಂಥ ಮನೆಯವರು ಪ್ರಕಟಣೆಗಾಗಿ ಕಾದಿರಬೇಕು.

ನೆಟ್ ಪರೀಕ್ಷೆಯಲ್ಲಿ ಒಂದು ತೊಡಕುಂಟು. ಕನ್ನಡ ವಿಷಯದ ಪತ್ರಿಕೆ ಕನ್ನಡದಲ್ಲಿಯೇ ಇದ್ದರೂ, ಎಲ್ಲರಿಗೂ ಸಾಮಾನ್ಯವಾದ ಮೊದಲನೆಯ ಪತ್ರಿಕೆ ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ ಬರುತ್ತದೆ. 300 ಅಂಕಗಳಲ್ಲಿ ಅದರ ಪಾಲು 100. ಜೀವಮಾನವೆಲ್ಲ ಕನ್ನಡದಲ್ಲಿ ಓದಿದ ಹಳ್ಳಿಯ ಮಗುವಿಗೆ ಇದರಿಂದ ಅನ್ಯಾಯವಾಗುತ್ತದೆಂದೇ ನಮ್ಮ ಮತ. ಆದರೆ ಅನ್ಯಾಯವೆಂದು ಕೈಕಟ್ಟಿ ಕುಳಿತರೆ ಡಿಸೆಂಬರು ನಿಲ್ಲುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ ಕಾರಣ ಯಾವ ಪ್ರಶ್ನೆಯನ್ನೂ ಬಿಡಬಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗೆಳತಿಯರು ಕೂಡಿ ದಿನಕ್ಕೆ ಹತ್ತರಂತೆ ಬಿಡಿಸಿದರೆ ಇಂಗ್ಲಿಷಿನ ಭಯ ತಾನಾಗಿ ತಗ್ಗುವುದು. ಇದಲ್ಲದೆ ರಾಜ್ಯದ್ದೇ ಆದ ಕೆ-ಸೆಟ್ ಪರೀಕ್ಷೆಯಿದೆ. 2023ರ ಸಾಲಿನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅದರಲ್ಲಿ ತೇರ್ಗಡೆಯಾದರೆ ರಾಜ್ಯದ ಕಾಲೇಜುಗಳಲ್ಲಿ ಅಧ್ಯಾಪಕತ್ವಕ್ಕೆ ಅರ್ಹತೆ ಬರುವುದೇ ಹೊರತು ಸಂಶೋಧನಾ ವೇತನ ಬರುವುದಿಲ್ಲ. ಎರಡನ್ನೂ ಬರೆಯಲಿ.

ಮೈಸೂರಿನ ಕಮ್ಮಟದ ವಿಷಯ. ಕನ್ನಡ ಓದುವವರಿಗೆ ಆ ಊರು ಒಂದು ಕ್ಷೇತ್ರವಿದ್ದಂತೆ. 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಅಲ್ಲಿದೆ; 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ದೊರೆತ ಮೇಲೆ ಅದರ ಅಧ್ಯಯನಕ್ಕಾಗಿ ಏರ್ಪಟ್ಟ ಕೇಂದ್ರವೂ ಅಲ್ಲಿಯೇ; ಶಾಸನಗಳನ್ನು ಓದುವ ಭಾರತೀಯ ಪುರಾತತ್ವ ಇಲಾಖೆಯ ಶಾಖೆಯೂ, ಮೇಲೆ ಹೇಳಿದ ಪ್ರಾಚ್ಯ ಪುಸ್ತಕಾಲಯದ ಮುಂದುವರಿಕೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಅಲ್ಲಿಯೇ. ಹೊಸಪೇಟೆಯಿಂದ ರಾತ್ರಿಯ ರೈಲು ಹತ್ತಿದರೆ ಮರುದಿನ ಮೈಸೂರು. ಖರ್ಚಿನ ಮಾತಾದರೆ, 2023ರ ಜೂನ್ 11ರಿಂದ ನಾಡಿನ ಸ್ತ್ರೀಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತವಾಗಿದೆ. ಬಸ್ಸಿನ ದುಡ್ಡಿಲ್ಲವೆಂದು ಮಗಳ ಕಮ್ಮಟ ತಪ್ಪಿಸುವ ಕಾಲ ಕಳೆಯಿತು. ಮಗನಿಗೆ ಮಾತ್ರ ಈಗಲೂ ಟಿಕೀಟು ಬೇಕು!

ಕಡೆಗೆ ಕಾಗದಪತ್ರಗಳು. ಇದು ಪೂರ್ತಿಯಾಗಿ ಮನೆಯವರ ಕೆಲಸವಾದುದರಿಂದ ಗೃಹಸ್ಥರು ಲಕ್ಷ್ಯವಿಟ್ಟು ಓದಬೇಕು. ರಾಜ್ಯದ ವಿದ್ಯಾರ್ಥಿವೇತನಗಳಿಗೆಲ್ಲ ಈಗ ಒಂದೇ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್. ಡಿ. ಸಂಖ್ಯೆಯನ್ನು ಕೇಳುವರು. ನಾಡಕಚೇರಿಯಿಂದ ದೊರೆಯುವ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು, ಮಗ ಪಿ. ಯು. ಸಿ.ಗೆ ಸೇರಿದಾಗ ಮಾಡಿಸಿದ್ದು ಎಮ್. ಎ.ಗೆ ಬರುವಷ್ಟರಲ್ಲಿ ತೀರಿಹೋಗಿರುತ್ತದೆ. ಕಡೆಯ ವಾರದಲ್ಲಿ ಇದು ಗೊತ್ತಾದವರು ನಾಡಕಚೇರಿಯ ಮೆಟ್ಟಿಲಿನ ಮೇಲೆ ಕುಳಿತಿರುವುದನ್ನು ಯಾರು ಬೇಕಾದರೂ ನೋಡಬಹುದು. ಎಸ್. ಎಸ್. ಎಲ್. ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಅದೇ ಹೆಸರಿಗೆ ಒಂದಕ್ಷರ ಹೆಚ್ಚು ಅಥವಾ ತಂದೆಯ ಹೆಸರಿನ ಮೊದಲಕ್ಷರ ಹಿಂದುಮುಂದು, ಇಷ್ಟರಿಂದಲೇ ಅರ್ಜಿ ನಿಂತುಹೋಗುವುದು. ಇವೆರಡನ್ನೂ ಈ ದಿನವೇ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬ್ಯಾಂಕಿನಲ್ಲಿ ಎಷ್ಟು ಖಾತೆಗಳಿದ್ದರೂ ವೇತನದ ಹಣ ಆಧಾರಿಗೆ ಕಡೆಯಲ್ಲಿ ಜೋಡಿಸಿದ ಒಂದು ಖಾತೆಗೆ ಮಾತ್ರ ಬೀಳುವುದು. ಹಣ ಬರಲಿಲ್ಲವೆಂದು ವರ್ಷವಿಡೀ ಕೊರಗಿದ ಮೇಲೆ, ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಭದ್ರವಾಗಿ ಕುಳಿತಿದ್ದ ಪ್ರಸಂಗಗಳೂ ಉಂಟು.

ಇನ್ನೊಂದು ಸಣ್ಣ ವಿಷಯ. ಅರ್ಜಿಯಲ್ಲಿ ಬರೆಯುವ ದೂರವಾಣಿ ಸಂಖ್ಯೆ ಮಗಳದೇ ಆಗಿರಲಿ. ತಂದೆಯದನ್ನೋ ಅಣ್ಣನದನ್ನೋ ಕೊಟ್ಟರೆ, ಗುಪ್ತಸಂಖ್ಯೆ ಬರುವ ಹೊತ್ತಿಗೆ ತಂದೆ ಹೊಲದಲ್ಲಿರುವರು, ಅಣ್ಣ ಸಂತೆಗೆ ಹೋಗಿರುವನು. ಹತ್ತು ನಿಮಿಷದಲ್ಲಿ ಆ ಸಂಖ್ಯೆ ಕೆಟ್ಟುಹೋಗುವುದು. ಮದುವೆಯಾದ ಮೇಲೂ ಅದೇ ಸಂಖ್ಯೆಯನ್ನು ಇಟ್ಟುಕೊಳ್ಳಲಿ. ವಿಭಾಗದವರು ಎರಡು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿನಿಯರನ್ನು ನೆನೆದು ಕರೆಯುವುದು ಆ ಸಂಖ್ಯೆಗೇ.